ನೀರಿಗೆ ಹೆದರುವ ಕಾಯಿಲೆ

ಹಾವಿಗೆ ಕಣ್ಣಿನ ರೆಪ್ಪೆ ಇಲ್ಲ, ಅದು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತದೆ ಎಂದು ನಾನು ಹೇಳಿದ ದಿನ ನಮ್ಮವ್ವ ಕೊಟ್ಟಿಗೆಗೆ ಹೋಗಲು ಹಿಂದೆ ಮುಂದೆ ನೋಡಿದಳು. “ಮಲೀಕಂಡದೋ ಎಚ್ಚರಾಗದೋ ಅಂತ ಎಂಗ್ ಗೊತ್ತಾಗದು ಮತ್ತೆ?” ಎಂದು ಕೇಳಿದಳು. ನನಗೆ ಗೊತ್ತಿದ್ದದ್ದು ಅಷ್ಟೇ.

ಆಗ ನನಗೆ ಹದಿಮೂರು ವರ್ಷ. ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದೆ. ನಮ್ಮದು ಊರಂಚಿನ ಮನೆ, ಹಿಂದೆ ಒಂದಿಷ್ಟು ಗದ್ದೆ. ಅಪ್ಪ ಬತ್ತ, ಕಬ್ಬು ಬೆಳೆಯುತ್ತಿದ್ದರು. ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿತ್ತು. ಅದರಿಂದ ನಮಗೆ ಆದದ್ದೆಂದರೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬರೆಯಲು ಕಾಗದ ಸಿಗುತ್ತಿರಲಿಲ್ಲ. ಮಂಡ್ಯ ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿತ್ತು. ಜಿಲ್ಲೆಯ ಮಿಡ್ಲ್ ಸ್ಕೂಲುಗಳಿಗೆಲ್ಲ ಸೇರಿಸಿ ಮಂಡ್ಯದಲ್ಲಿ ಸಾಮಾನ್ಯ ಜ್ಞಾನದ ಸ್ಪರ್ಧೆ ಇಡುತ್ತಾರೆಂದು ಸುದ್ದಿ ಬಂದಾಗ ನಮ್ಮ ಮೇಷ್ಟ್ರು ಇನ್ನಿಬ್ಬರ ಜೊತೆಗೆ ನನ್ನನ್ನೂ ಆರಿಸಿದರು.

ಮೇಷ್ಟ್ರ ಹತ್ತಿರ ಕಂದು ಕಾಗದದ ಹೊದಿಕೆ ಹಾಕಿದ ಒಂದು ಉದ್ದನೆಯ ನೋಟ್ ಪುಸ್ತಕವಿತ್ತು. ಹತ್ತು ವರ್ಷ ಎಲ್ಲೆಲ್ಲೋ ಓದಿದ್ದನ್ನು, ಕೇಳಿದ್ದನ್ನು ಅದರಲ್ಲಿ ಬರೆದಿಟ್ಟಿದ್ದರು. ಎಡಗಡೆ ಪುಟದಲ್ಲಿ ಪ್ರಶ್ನೆ, ಬಲಗಡೆ ಉತ್ತರ. ಅಕ್ಷರ ಎಳ್ಳಿನಷ್ಟು. “ಉತ್ತರ ಒಂದು ಉಸಿರಿಗೆ ಮುಗೀಬೇಕಮ್ಮ. ಜಾಸ್ತಿ ಹೇಳ್ದೋರು ತಪ್ಪು ಹೇಳ್ತಾರೆ” ಎನ್ನುತ್ತಿದ್ದರು. ಆ ಪುಸ್ತಕವನ್ನು ನನಗೆ ಮನೆಗೆ ಕೊಂಡೊಯ್ಯಲು ಕೊಟ್ಟರು. ನಮ್ಮ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಗೌರವ ಯಾರಿಗೂ ಸಿಕ್ಕಿರಲಿಲ್ಲ ಎಂದು ನಾನು ತಿಳಿದಿದ್ದೆ.

ಆನೆ ಇಪ್ಪತ್ತೆರಡು ತಿಂಗಳು ಬಸುರಿಯಾಗಿರುತ್ತದೆ. ಉಷ್ಟ್ರಪಕ್ಷಿಯ ಕಣ್ಣು ಅದರ ಮಿದುಳಿಗಿಂತ ದೊಡ್ಡದು. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಇವನ್ನೆಲ್ಲ ನಾನು ಊಟಕ್ಕೆ ಕೂತಾಗ, ನೀರು ಸೇದುವಾಗ, ಯಾರು ಸಿಕ್ಕರೆ ಅವರಿಗೆ ಹೇಳುತ್ತಿದ್ದೆ. ಅಪ್ಪ ಒಮ್ಮೆ, “ಬೆಳ್ಕು ಬರಕ್ಕೆ ಎಂಟು ನಿಮ್ಸ ಆಯ್ತದೆ ಸರಿ. ಎಮ್ಮೆಗೆ ಉಲ್ಲಾಕಕ್ಕೆ ನಿಂಗೆ ಎಷ್ಟೊತ್ತು ಬೇಕು?” ಎಂದರು.

ಪುಸ್ತಕದ ಮಧ್ಯದಲ್ಲೆಲ್ಲೋ ಒಂದು ಪ್ರಶ್ನೆ ಇತ್ತು: ನೀರನ್ನು ಕಂಡರೆ ಹೆದರುವ ಕಾಯಿಲೆ ಯಾವುದು? ಬಲಗಡೆ ಪುಟದಲ್ಲಿ ಮೇಷ್ಟ್ರು ಬರೆದಿದ್ದರು: ಹುಚ್ಚುನಾಯಿ ಕಚ್ಚಿದ್ದರಿಂದ ಬರುವ ಕಾಯಿಲೆ. ನಾಯಿಯ ಜೊಲ್ಲಿನಿಂದ ಹರಡುತ್ತದೆ. ಕಚ್ಚಿ ಎಷ್ಟೋ ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು. ರೋಗಿಯ ಗಂಟಲು ಬಿಗಿದು ನೀರು ಇಳಿಯುವುದಿಲ್ಲ. ಕಾಣಿಸಿಕೊಂಡ ಮೇಲೆ ಬದುಕುವುದಿಲ್ಲ.

ಐದು ವಾಕ್ಯ. ನನಗೆ ಬಹಳ ಇಷ್ಟವಾಗಿದ್ದ ಪ್ರಶ್ನೆ ಅದು. ಬಾವಿಯ ಹತ್ತಿರ ಹುಡುಗಿಯರನ್ನು ಗುಂಪು ಮಾಡಿಕೊಂಡು ಕಣ್ಣು ಅರಳಿಸಿ ಹೇಳುತ್ತಿದ್ದೆ. ಕೊನೆಯ ವಾಕ್ಯವನ್ನು ಪಿಸುಮಾತಿನಲ್ಲಿ ಹೇಳಿದರೆ ಅವರು ಕಿರುಚುತ್ತಿದ್ದರು.

ಸ್ಪರ್ಧೆಗೆ ಇನ್ನೂ ಸುಮಾರು ನಾಲ್ಕು ವಾರ ಇತ್ತು. ಒಂದು ಮಧ್ಯಾಹ್ನ ಸ್ಕೂಲು ಬಿಟ್ಟು, ಪುಸ್ತಕ ಬಿಡಿಸಿಕೊಂಡು ಓದುತ್ತಾ ನಾಲೆಯ ಏರಿಯ ಮೇಲೆ ಮನೆಗೆ ಬರುತ್ತಿದ್ದೆ. ಎದುರಿನಿಂದ ಒಂದು ಕಂದು ನಾಯಿ ಬಂದದ್ದು ನನಗೆ ಗೊತ್ತಾಗಲಿಲ್ಲ. ಅದು ಬೊಗಳಲಿಲ್ಲ, ಗುರ್ ಎನ್ನಲೂ ಇಲ್ಲ. ತಲೆ ತಗ್ಗಿಸಿಕೊಂಡು ಪಕ್ಕದಲ್ಲೇ ಹಾದುಹೋಗುತ್ತಾ ನನ್ನ ಮೀನಖಂಡಕ್ಕೆ ಬಾಯಿ ಹಾಕಿ, ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೊರಟುಹೋಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಕಬ್ಬಿನ ಗದ್ದೆಯ ಅಂಚಿನಲ್ಲಿ ಅದರ ಬೆನ್ನು ಮಾತ್ರ ಕಾಣಿಸಿತು. ಕಾಲಿನಲ್ಲಿ ಎರಡು ಹಲ್ಲಿನ ಗುರುತು, ಒಂದರಲ್ಲಿ ಸ್ವಲ್ಪ ರಕ್ತ. ನಾಲೆಯಲ್ಲಿ ಕಾಲು ತೊಳೆದುಕೊಂಡೆ. ಲಂಗ ಕೆಳಕ್ಕೆ ಎಳೆದುಕೊಂಡು ಮನೆಗೆ ಬಂದೆ.

ಅವ್ವನಿಗೆ ಹೇಳಲಿಲ್ಲ. ಹೇಳಿದರೆ ರಸ್ತೆಯಲ್ಲಿ ಓದಿಕೊಂಡು ಬಂದದ್ದಕ್ಕೆ ಬೈಗುಳ, ಆಮೇಲೆ ಮಂಡ್ಯಕ್ಕೆ ಹೋಗುವುದು ಬೇಡ ಎನ್ನುವ ಮಾತು. ಎರಡು ಹಲ್ಲಿನ ಗುರುತಿಗಾಗಿ ಅದೆಲ್ಲ ಏಕೆ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಗದ್ದಲ. ಹುಚ್ಚುನಾಯಿಯೊಂದು ನುಗ್ಗಿ ನಮ್ಮ ಪಕ್ಕದ ಮನೆಯ ಕರುವಿನ ಮೂತಿಗೆ ಕಚ್ಚಿತ್ತು. ಗಂಡಸರು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋಗಿ ರೈಲು ಹಳಿಯ ಹತ್ತಿರ ಹೊಡೆದು ಹಾಕಿದ್ದರು. ಯಾವ ಬಣ್ಣ ಎಂದು ಅಪ್ಪನನ್ನು ಕೇಳಿದೆ.

“ಕಂದುಂದು. ಒಂದು ಕಿವಿ ಅರ್ದೋಗಿತ್ತು. ಯಾಕೆ?”

“ಸುಮ್ನೆ” ಎಂದೆ.

ನಾನು ಕಿವಿ ನೋಡಿರಲಿಲ್ಲ. ಬೆನ್ನು ಮಾತ್ರ ನೋಡಿದ್ದೆ. ಮದ್ದೂರಿನಲ್ಲಿ ಕಂದು ನಾಯಿಗಳು ಎಷ್ಟೋ ಇದ್ದವು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಾ ಸ್ಕೂಲಿಗೆ ಹೋದೆ. ದಾರಿಯುದ್ದಕ್ಕೂ ಕಂದು ನಾಯಿಗಳನ್ನು ಹುಡುಕಿದೆ. ಒಂದೂ ಸಿಗಲಿಲ್ಲ.

ಅವತ್ತಿನಿಂದ ಆ ಐದು ವಾಕ್ಯ ನನ್ನೊಳಗೆ ಕೂತವು. ಬೆಳಿಗ್ಗೆ ಎದ್ದ ಕೂಡಲೇ ಚೊಂಬಿನಲ್ಲಿ ನೀರು ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದೆ. ಚೊಂಬಿನೊಳಕ್ಕೆ ಬಗ್ಗಿ ನೋಡುತ್ತಿದ್ದೆ. ನೀರನ್ನು ಕಂಡರೆ ಹೆದರಿಕೆ ಆಗುತ್ತಿದೆಯೇ? ಆಗುತ್ತಿತ್ತು. ಆದರೆ ಅದು ಕಾಯಿಲೆಯ ಹೆದರಿಕೆಯೋ, ಕಾಯಿಲೆ ಬಂದೀತೆಂಬ ಹೆದರಿಕೆಯೋ, ಎರಡಕ್ಕೂ ಏನು ವ್ಯತ್ಯಾಸ ಎನ್ನುವುದು ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದು ಗುಟುಕು ಕುಡಿಯುತ್ತಿದ್ದೆ. ಅದು ಗಂಟಲಿನಲ್ಲಿ ಇಳಿದರೆ ಆ ಹೊತ್ತಿಗೆ ಬದುಕಿದೆ ಎಂದು ಲೆಕ್ಕ. ಮತ್ತೆ ಮಧ್ಯಾಹ್ನ, ಮತ್ತೆ ಸಂಜೆ. ಮಜ್ಜಿಗೆ ಇಳಿಯುತ್ತದೆ, ನೀರು ಇಳಿಯುವುದಿಲ್ಲವೇನೋ ಎಂಬ ಅನುಮಾನ ಬಂದು ಊಟಕ್ಕೆ ಮಜ್ಜಿಗೆ ಬಿಟ್ಟು ನೀರನ್ನೇ ಕುಡಿಯತೊಡಗಿದೆ. “ಇದ್ಯಾಕ್ ಇಂಗ್ ನೀರ್ ಕುಡೀತೀಯೆ, ಮೀನೇನೆ ನೀನು?” ಎಂದು ಅವ್ವ ನಕ್ಕಳು.

ಕಾಲಿನ ಗಾಯ ಒಣಗಿ ಹಕ್ಕಳೆ ಉದುರಿ, ಎರಡು ಬಿಳಿ ಚುಕ್ಕಿ ಉಳಿಯಿತು. ಅದರಿಂದ ಧೈರ್ಯ ಬರಬೇಕಾಗಿತ್ತು. ಎಷ್ಟೋ ವಾರಗಳಾದ ಮೇಲೂ ಎಂದು ಬರೆದಿತ್ತಲ್ಲ, ಅದರಿಂದ ಬರಲಿಲ್ಲ. ಎಷ್ಟೋ ಎಂದರೆ ಎಷ್ಟು? ಒಂದು ದಿನ ಮೇಷ್ಟ್ರನ್ನು ಕೇಳಿಯೇಬಿಟ್ಟೆ. ಏನೂ ಅಲ್ಲವೆಂಬಂತೆ ಪುಸ್ತಕ ತೋರಿಸಿ, “ಸಾರ್, ಇದು ಎಷ್ಟು ವಾರಕ್ಕೆ ಬರುತ್ತೆ? ಬಂದೋರಿಗೆ ಏನು ಮಾಡ್ತಾರೆ?” ಎಂದೆ.

ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಅಲ್ಲಿ ಬರೆದಿರೋಷ್ಟು ಸಾಕಮ್ಮ. ಸ್ಪರ್ಧೇಲಿ ಅದಕ್ಕಿಂತ ಜಾಸ್ತಿ ಕೇಳಲ್ಲ” ಎಂದರು.

ಪಕ್ಕದ ಮನೆಯ ಕರು ಎಂದೆನಲ್ಲ, ಅದು ಲಾಟೀನು ರಿಪೇರಿ ಮಾಡುವ ಸಾಬರ ಮನೆಯದು. ಸಾಬರು ತಗಡು ಕತ್ತರಿಸಿ ಬೆಸುಗೆ ಹಾಕಿ ಡಬ್ಬ, ಎಣ್ಣೆ ಹುಯ್ಯುವ ಆಲಿಕೆ, ಬುಡ್ಡಿದೀಪ ಮಾಡುತ್ತಿದ್ದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಗಂಡನ ಜೊತೆ ಕೂತು ತಗಡು ಕತ್ತರಿಸುವ ಕೆಲಸ ಆಕೆಯೂ ಮಾಡುತ್ತಿದ್ದರಿಂದ ಬೆರಳುಗಳಲ್ಲಿ ಯಾವಾಗಲೂ ಹೊಸದೋ ಹಳೆಯದೋ ಗೀರುಗಾಯ. ಕರುವನ್ನು ಮಗುವಿನಂತೆ ಸಾಕಿದ್ದಳು. ನಾಯಿ ಕಚ್ಚಿದ ಜಾಗಕ್ಕೆ ಅರಿಸಿನ, ಸುಣ್ಣ ಮೆತ್ತಿ ವಾಸಿ ಮಾಡಿದ್ದಳು. ಅದು ಮತ್ತೆ ಕುಣಿದಾಡುತ್ತಿತ್ತು. ನಾನು ದಿನವೂ ಬೇಲಿಯ ಮೇಲಿಂದ ಅದನ್ನು ನೋಡುತ್ತಿದ್ದೆ. ಅದಕ್ಕೂ ನನಗೂ ಒಂದೇ ನಾಯಿ ಕಚ್ಚಿದ್ದರೆ, ಅದು ಚೆನ್ನಾಗಿರುವವರೆಗೆ ನಾನೂ ಚೆನ್ನಾಗಿರುತ್ತೇನೆ ಎಂದು ಒಂದು ಲೆಕ್ಕ ಹಾಕಿಕೊಂಡಿದ್ದೆ.

ಹೆಚ್ಚುಕಡಿಮೆ ಮೂರು ವಾರ ಕಳೆದು, ಸ್ಪರ್ಧೆಯ ವಾರದ ಸೋಮವಾರ ಕರು ಹುಲ್ಲು ಬಿಟ್ಟಿತು. ಮಂಗಳವಾರ ಅದರ ಕೂಗು ಬದಲಾಯಿತು. ಅಂಥ ಕೂಗನ್ನು ನಾನು ಆಮೇಲೆ ಎಂದೂ ಕೇಳಿಲ್ಲ. ಗಂಟಲು ಒಡೆದ ಮನುಷ್ಯರು ಯಾರನ್ನೋ ಕರೆದ ಹಾಗೆ ಇತ್ತು. ಬಾಯಿಂದ ಹಗ್ಗದಂತೆ ಜೊಲ್ಲು. ಬೂಬಮ್ಮ ಬಾನಿಯಲ್ಲಿ ನೀರು ತಂದಿಟ್ಟರೆ ಮೂತಿ ಇಳಿಸುತ್ತದೆ, ನುಂಗಲು ಹೋಗಿ ಮೈಯೆಲ್ಲ ಸೆಟೆದು ಹಿಂದಕ್ಕೆ ಬೀಳುತ್ತದೆ.

“ಗಂಟ್ಲಲ್ಲಿ ಏನೋ ಸಿಕ್ಕಾಕಂಡದೆ ಕಣವ್ವ. ಕಬ್ಬಿನ್ ಗಣ್ಣೋ ಏನೋ” ಎಂದು ಬೂಬಮ್ಮ ನಮ್ಮವ್ವನಿಗೆ ಹೇಳಿದಳು. ಹೇಳುತ್ತಲೇ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕರುವಿನ ಕತ್ತನ್ನು ಕಂಕುಳಲ್ಲಿ ಅವುಚಿ, ಬಲಗೈಯನ್ನು ಮೊಣಕೈವರೆಗೆ ಅದರ ಬಾಯೊಳಕ್ಕೆ ಇಳಿಸಿ ತಡಕಾಡಿದಳು. ಏನೂ ಸಿಗಲಿಲ್ಲ. ಕೈ ಹೊರಕ್ಕೆ ತೆಗೆದಾಗ ಬೆರಳ ತುದಿಯಿಂದ ಜೊಲ್ಲು ಇಳಿಯುತ್ತಿತ್ತು. ಸೆರಗಿಗೆ ಒರೆಸಿಕೊಂಡಳು.

ಬೇಲಿಯ ಈಚೆ ನಿಂತಿದ್ದ ನನಗೆ ಆಕೆಯ ಬೆರಳ ಗೀರುಗಾಯಗಳು ಕಾಣುತ್ತಿದ್ದವು. ಜೊಲ್ಲಿನಿಂದ ಹರಡುತ್ತದೆ. ಬೀದಿಯಲ್ಲಿ ಆ ವಾಕ್ಯ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದೆ. ಹೇಳಿದರೆ, ನಿನಗೆ ಹೇಗೆ ಗೊತ್ತು, ನೀನು ಯಾಕೆ ಬಿಳಿಚಿಕೊಂಡಿದ್ದೀಯೆ ಎಂದು ಕೇಳುತ್ತಾರೆ. ಹೇಳಿದರೆ ನನ್ನ ಕಾಲನ್ನೂ ತೋರಿಸಬೇಕಾಗುತ್ತದೆ. ತೋರಿಸಿದರೆ ಏನಾಗುತ್ತದೆ? ಪುಸ್ತಕದಲ್ಲಿ ಬರೆದಿತ್ತು: ಬದುಕುವುದಿಲ್ಲ. ಬದುಕುವುದಿಲ್ಲವೆಂದ ಮೇಲೆ ಅವಳಿಗೆ ತಿಳಿಸಿ ಆಗುವುದೇನು? ಹಾಗೆ ಯೋಚಿಸಿ ಬಾಯಿ ಮುಚ್ಚಿಕೊಂಡೆ. ಅವಳ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದೂ ಅಂದುಕೊಂಡೆ. ಅದು ನಿಜವಲ್ಲ ಎನ್ನುವುದು ಅವತ್ತೇ ಗೊತ್ತಿತ್ತು.

ಬುಧವಾರವೂ ಬೂಬಮ್ಮ ಕೈ ಹಾಕಿ ನೋಡಿದಳು, ಗಂಜಿ ಹುಯ್ಯಲು ನೋಡಿದಳು. ಗುರುವಾರ ಬೆಳಿಗ್ಗೆ ಕರು ಸತ್ತಿತು. ಆಕೆ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನಾನು ಒಳಕ್ಕೆ ಹೋಗಿ ಚೊಂಬು ತೆಗೆದುಕೊಂಡೆ. ನೀರು ಇಳಿಯಿತು. ಆದರೆ ಗಂಟಲಿನಲ್ಲಿ ಅದು ಸ್ವಲ್ಪ ನಿಂತು ಇಳಿದ ಹಾಗೆ ಅನ್ನಿಸಿತು.

ಶನಿವಾರ ಮೇಷ್ಟ್ರು ನಮ್ಮ ಮೂವರನ್ನು ರೈಲಿನಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋದರು. ಮಳವಳ್ಳಿಯವರು, ಪಾಂಡವಪುರದವರು ಎಲ್ಲರೂ ಬಂದಿದ್ದರು. ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚು ಹಾಕಿದ್ದರು. ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ ಪ್ರಶ್ನೆ. ಕೋಲಾರದ ಚಿನ್ನದ ಗಣಿಗೆ ಕರೆಂಟು ಎಲ್ಲಿಂದ ಹೋಗುತ್ತದೆ ಎಂದು ಕೇಳಿದರು. ಬೆಳಕವಾಡಿ ಕಡೆಯ ಒಬ್ಬಳು ಹುಡುಗಿ, “ಶಿವನಸಮುದ್ರದಿಂದ. ನಮ್ಮೂರ್ ಮುಂದ್ಲ ರಸ್ತೇಲೇ ಓಗ್ಬೇಕು” ಎಂದಾಗ ಎಲ್ಲರೂ ನಕ್ಕರು. ನಾನೂ ಎರಡು ಸುತ್ತು ಸರಿಯಾಗಿ ಹೇಳಿದೆ. ಒಂಟೆಯ ಡುಬ್ಬದಲ್ಲಿ ಇರುವುದು ನೀರಲ್ಲ, ಕೊಬ್ಬು ಎಂದೆ. ಮನುಷ್ಯನ ದೇಹದಲ್ಲಿ ಇನ್ನೂರ ಆರು ಮೂಳೆ ಎಂದೆ. ಬಾಯಿ ತಾನೇ ಹೇಳುತ್ತಿತ್ತು. ತಲೆಯಲ್ಲಿ ಆ ಕರುವಿನ ಕೂಗು.

ಮೂರನೆಯ ಸುತ್ತಿಗೆ ಮುಂಚೆ ಯಾರೋ ಲೋಟದಲ್ಲಿ ನೀರು ತಂದುಕೊಟ್ಟರು. ಜನದ ಮುಂದೆ ನಿಂತಿದ್ದೆ. ಬಾಯಿಗೆ ಹಾಕಿದ ನೀರು ಗಂಟಲಿನಲ್ಲಿ ಇಳಿಯಲಿಲ್ಲ. ನುಂಗಲು ನೋಡಿದೆ, ಕೆಮ್ಮು ಬಂತು, ನೀರೆಲ್ಲ ಮೂಗಿನಿಂದ ಹೊರಕ್ಕೆ. ಎರಡನೆಯ ಸಲ ಲೋಟವನ್ನು ತುಟಿಗೆ ತಂದಾಗ ಕತ್ತು ತಾನಾಗಿ ಆಚೆಗೆ ತಿರುಗಿಕೊಂಡಿತು. ಬಂತು, ಎಂದುಕೊಂಡೆ. ಅಷ್ಟೇ ನೆನಪು. ಲೋಟ ಬಿದ್ದ ಸದ್ದು ಕೇಳಿಸಿತು. ಆಮೇಲೆ ನಾನು ಹೊರಗಿನ ಜಗಲಿಯ ಮೇಲಿದ್ದೆ, ಮೇಷ್ಟ್ರು ತಮ್ಮ ಪಂಚೆಯ ತುದಿಯಿಂದ ನನಗೆ ಗಾಳಿ ಹಾಕುತ್ತಿದ್ದರು.

“ಹೆದರಿಕೊಂಡ್ಯಾ? ಹೋಗ್ಲಿ ಬಿಡಮ್ಮ, ಸೋತ್ರೆ ಸೋತ್ವಿ” ಎಂದರು.

ನಾನು ಲಂಗ ಎತ್ತಿ ಕಾಲು ತೋರಿಸಿದೆ. “ನಾಯಿ ಕಚ್ಚಿತ್ತು ಸಾರ್. ಹುಚ್ಚುನಾಯಿ. ನೀರು ಇಳೀತಾ ಇಲ್ಲ. ನಾನು ಸಾಯ್ತೀನಿ. ಬೂಬಮ್ಮನೂ ಸಾಯ್ತಾಳೆ, ಕರು ಬಾಯಿಗೆ ಕೈ ಹಾಕಿದ್ಲು.”

ಮೇಷ್ಟ್ರು ಗಾಳಿ ಹಾಕುವುದನ್ನು ನಿಲ್ಲಿಸಿದರು. “ಯಾವತ್ತು?”

“ಇಪ್ಪತ್ತೈದು ದಿನ ಆಯ್ತು.”

“ಯಾಕಮ್ಮ ಹೇಳ್ಲಿಲ್ಲ?”

“ನೀವೇ ಬರೆದಿದ್ರಲ್ಲ ಸಾರ್, ಬದುಕಲ್ಲ ಅಂತ.”

ದೊಡ್ಡವರೊಬ್ಬರ ಮುಖ ಹಾಗೆ ಕುಸಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. “ಕಾಣಿಸ್ಕೊಂಡ ಮೇಲೆ ಅಂತ ಬರೆದೆ” ಎಂದರು. “ಮುಂಚೆ ಸೂಜಿ ಚುಚ್ಚಿಸ್ಕೊಂಡ್ರೆ ಬರೋದೇ ಇಲ್ಲ. ಫ್ರಾನ್ಸ್ ದೇಶದೋರೊಬ್ಬರು ಕಂಡುಹಿಡಿದು ಅರವತ್ತು ವರ್ಷದ ಹತ್ತಿರ ಆಯ್ತು. ನಂಗೆ ಗೊತ್ತಿತ್ತು. ಉತ್ತರ ಉದ್ದ ಆಗುತ್ತೆ ಅಂತ ಬರೀಲಿಲ್ಲ.” ಉಳಿದದ್ದನ್ನೆಲ್ಲ ನನ್ನಿಂದ ಕೇಳಿ ತಿಳಿದುಕೊಂಡರು. ಉಳಿದಿಬ್ಬರು ಮಕ್ಕಳನ್ನು ಮಳವಳ್ಳಿಯ ಮೇಷ್ಟ್ರಿಗೆ ಒಪ್ಪಿಸಿ, ನನ್ನನ್ನು ಜಟಕಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಜಟಕಾದೊಳಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರ ಕೈ ನನ್ನದಕ್ಕಿಂತ ತಣ್ಣಗಿತ್ತು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮೊದಲು ಒಂದು ಲೋಟ ನೀರು ತರಿಸಿ ನನ್ನ ಮುಂದಿಟ್ಟು, ಬೇರೆ ಏನೋ ಬರೆಯುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ, “ಮದ್ದೂರಲ್ಲಿ ಮಳೆ ಆಯ್ತೇನಮ್ಮ?” ಎಂದರು. ಆಯ್ತು ಎಂದೆ. ಯಾವ ದಿನ ಎಂದರು. ನಾನು ನೆನಪು ಮಾಡಿಕೊಳ್ಳುತ್ತಾ ಬಾಯಾರಿಕೆಯಾಗಿ ಲೋಟ ಎತ್ತಿ ಕುಡಿದೆ. ಅರ್ಧ ಕುಡಿದ ಮೇಲೆ ಏನು ಮಾಡುತ್ತಿದ್ದೇನೆಂದು ಗೊತ್ತಾಗಿ ಲೋಟ ಕೆಳಗಿಟ್ಟೆ. “ಕುಡಿ ಕುಡಿ. ಇನ್ನೂ ಬಂದಿಲ್ಲ ನಿನಗೆ” ಎಂದರು.

ಇನ್ನೂ ಎಂಬ ಮಾತು ನನ್ನನ್ನು ಚುಚ್ಚಿತು. ಮೇಷ್ಟ್ರು ಕೇಳಿದರು: “ಇಷ್ಟು ದಿನ ಆದ ಮೇಲೆ ಸೂಜಿ ಕೆಲಸ ಮಾಡುತ್ತಾ ಸ್ವಾಮಿ?”

“ಮಾಡಬಹುದು. ಕಚ್ಚಿದ ದಿನವೇ ಬಂದಿದ್ದರೆ ಮಾಡುತ್ತೆ ಅಂತಿದ್ದೆ. ನಾಯೀನ ಕಟ್ಟಿಹಾಕಿ ನೋಡಿದ್ರಾ? ಹತ್ತು ದಿನ ಬದುಕಿದ್ದಿದ್ರೆ ಏನೂ ಭಯ ಇರ್ತಿರಲಿಲ್ಲ.”

“ಮಾರನೇ ದಿನವೇ ಹೊಡೆದು ಹಾಕಿದ್ರು. ಅದೇ ನಾಯಿಯೋ ಅಲ್ಲವೋ ಅದೂ ಗೊತ್ತಿಲ್ಲ.”

“ಹಾಗಿದ್ರೆ ಅದೇ ಅಂತ ತಿಳ್ಕೊಂಡು ಶುರು ಮಾಡೋಣ” ಎಂದು ಡಾಕ್ಟರು ಎದ್ದರು. “ಆ ಹೆಂಗಸನ್ನ ನಾಳೆ ಮೊದಲ ಗಾಡೀಲಿ ಕರ್ಕೊಂಡು ಬನ್ನಿ. ಹದಿನಾಲ್ಕು ದಿನ, ಒಂದು ದಿನವೂ ತಪ್ಪೋ ಹಾಗಿಲ್ಲ.”

ಸೂಜಿ ಹೊಕ್ಕುಳ ಪಕ್ಕ, ಹೊಟ್ಟೆಯ ಚರ್ಮಕ್ಕೆ. ಉದ್ದದ ಸೂಜಿ, ಬೆರಳು ಗಾತ್ರದ ಗಾಜಿನ ಕೊಳವೆ. ಚುಚ್ಚಿದಾಗ ಆದ ನೋವಿಗಿಂತ ಔಷಧಿ ಒಳಕ್ಕೆ ಹೋಗುವಾಗ ಆಗುವ ಉರಿ ಹೆಚ್ಚು. ಕಿರುಚಲಿಲ್ಲ. ಬದುಕಬಹುದು ಎಂಬ ಮಾತು ಕೇಳಿ ಆಗಲೇ ಅರ್ಧ ಗಂಟೆಯಾಗಿತ್ತು. ಆದರೆ ಸಾಯುವುದು ಖಂಡಿತ ಎಂದುಕೊಂಡಿದ್ದಾಗಿನ ಹೆದರಿಕೆಗಿಂತ ಈಗಿನ ಹೆದರಿಕೆ ದೊಡ್ಡದಾಗಿತ್ತು.

ಸಂಜೆ ಮೇಷ್ಟ್ರು ಮನೆಯವರೆಗೆ ಬಂದು ಎಲ್ಲ ಹೇಳಿದರು. ಅವ್ವ ನನ್ನ ಬೆನ್ನಿಗೆ ಒಂದು ಏಟು ಹಾಕಿ, “ಬಾಯ್ ಬುಡಕ್ಕೆ ಏನಾಗಿತ್ತೆ ನಿಂಗೆ? ನಾನೇನು ಉಲೀನಾ?” ಎಂದು ಕೂಗಿ, ಆ ಕೈಯಿಂದಲೇ ನನ್ನನ್ನು ಎಳೆದು ಅಪ್ಪಿಕೊಂಡು ಅತ್ತಳು. ಅಪ್ಪ ನೇರ ಪಕ್ಕದ ಮನೆಗೆ ಹೋದರು. ಬೂಬಮ್ಮ ಹೊಸಿಲ ಮೇಲೆ ಕೂತು ಅಪ್ಪ ಹೇಳಿದ್ದನ್ನು ಕೇಳಿದಳು. ತನ್ನ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಬೇರೆ ಯಾರದೋ ಕೈಗಳೆಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. “ಯಾ ಅಲ್ಲಾ, ಮೂಗ್ ಪ್ರಾಣಿ ಅಂತ ಕೈ ಆಕ್ದೆ” ಎಂದಳು.

ಅಲ್ಲಿಂದ ನಾನೂ ಬೂಬಮ್ಮನೂ ದಿನಾ ಬೆಳಿಗ್ಗೆ ಮಂಡ್ಯಕ್ಕೆ ರೈಲು ಹತ್ತಿದೆವು. ಅಪ್ಪ ಮೊದಲೆರಡು ದಿನ ಬಂದರು. ನಾಟಿಯ ಕಾಲ, ಆಮೇಲೆ ನಾವಿಬ್ಬರೇ. ಹೋಗುವಾಗ ಹೆದರಿಕೆ, ಬರುವಾಗ ಹೊಟ್ಟೆ ನೋವು. ಐದನೆಯ ದಿನಕ್ಕೆ ಹೊಟ್ಟೆಯ ಮೇಲೆ ಗಂಟು ಗಂಟು. ಬೂಬಮ್ಮ ಹಲಗೆಯ ಮೇಲೆ ಒರಗಿ ಕಣ್ಣು ಮುಚ್ಚಿಕೊಂಡು, “ಏನಾರ ಏಳು ಮಗ. ಸುಮ್ಕೆ ಕೂತ್ರೆ ಕರುವಿನ್ ಮೂತಿ ಕಣ್ಮುಂದೆ ಬತ್ತದೆ” ಎನ್ನುತ್ತಿದ್ದಳು.

ನಾನು ಆನೆಯ ಬಸಿರು ಹೇಳಿದೆ. ಉಷ್ಟ್ರಪಕ್ಷಿಯ ಕಣ್ಣು ಹೇಳಿದೆ. ಜೇನುಹುಳು ಚುಚ್ಚಿದರೆ ಕೊಂಡಿ ಕಿತ್ತುಬಂದು ತಾನೇ ಸಾಯುತ್ತದೆ ಎಂದೆ. ಬೂಬಮ್ಮ ಪ್ರತಿಯೊಂದಕ್ಕೂ ಮೇಷ್ಟ್ರ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಕೇಳುವಳು. “ಸಾಯ್ತೀನಿ ಅಂತ ಅದ್ಕೆ ಗೊತ್ತಿದ್ರೂ ಚುಚ್ಚದಾ?” ಎಂದಳು. ನನಗೆ ತಿಳಿಯಲಿಲ್ಲ. ಹಾಗೆಂದು ಹೇಳಿದೆ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ಅದೇ ಮೊದಲು.

ಒಂಬತ್ತನೆಯ ದಿನ ಹನಕೆರೆ ದಾಟಿದ ಮೇಲೆ ಅವಳು ತಟ್ಟನೆ ನನ್ನ ತೋಳು ಹಿಡಿದು, “ನೀರ್ ಕೊಡು” ಎಂದಳು. ನಾನು ಬಾಟಲಿ ಕೊಟ್ಟೆ. ಅವಳು ಅದನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಇದ್ದಳು. ಕುಡಿಯಲಿಲ್ಲ. ಎದುರು ಕೂತಿದ್ದ ಜನ ನೋಡುತ್ತಿದ್ದರು. ಆ ಮಂಗಳವಾರವೇ ಹೇಳಿದ್ದರೆ ಬುಧವಾರ ಆಕೆ ಕೈ ಹಾಕುತ್ತಿರಲಿಲ್ಲ ಎಂಬುದು ನಾನು ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ವಿಷಯ. ನಾನೂ ಬಾಟಲಿಗೆ ಕೈ ಹಾಕಿದೆ. “ಒಂದೇ ಗುಟುಕು ಬೂಬಮ್ಮ. ಮೊದ್ಲು ನಾನು” ಎಂದು ಕುಡಿದು ತೋರಿಸಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಾ ಕುಡಿದಳು. ಇಳಿಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಮಂಡ್ಯ ಬರುವವರೆಗೂ ಹಾಗೆಯೇ ಕೂತಿದ್ದಳು.

ಹದಿನಾಲ್ಕು ಮುಗಿಯಿತು. ಡಾಕ್ಟರು, “ಇನ್ನು ಆರು ತಿಂಗಳು ಏನೂ ಆಗದಿದ್ರೆ ಮರೆತುಬಿಡಿ” ಎಂದರು. ಮರೆಯುವುದಕ್ಕೆ ಆರು ತಿಂಗಳು ಕಾಯಬೇಕಾದ ಕಷ್ಟ ಅವರಿಗೆ ಗೊತ್ತಿರಲಾರದು.

ಅವ್ವ ವೈದ್ಯನಾಥಪುರದ ದೇವರಿಗೆ ಹರಸಿಕೊಂಡಿದ್ದಳು. ಒಂದು ಸೋಮವಾರ ಗಾಡಿ ಕಟ್ಟಿಸಿಕೊಂಡು ಹೋದೆವು. ದೇವಸ್ಥಾನಕ್ಕೆ ಮುಂಚೆ ಶಿಂಷಾ ಹೊಳೆಯಲ್ಲಿ ಮುಳುಗಬೇಕು. ಚೊಂಬಿನ ನೀರಿಗೆ ನಾನು ಒಗ್ಗಿಕೊಂಡಿದ್ದೆ. ಇದು ಹರಿಯುವ ನೀರು, ಕೆಂಪಗೆ, ಸದ್ದು ಮಾಡುತ್ತಾ. ಮೊದಲ ಮೆಟ್ಟಿಲಿನಲ್ಲಿ ಕಾಲು ನಿಂತುಬಿಟ್ಟಿತು. ಹಿಂದಕ್ಕೆ ಓಡಿಬಿಡೋಣವೆನ್ನಿಸಿತು. ಓಡಿದರೆ ಅವ್ವನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಎಲ್ಲ ಮುಗಿಯಿತು.

ಅವ್ವ ಆಗಲೇ ಸೊಂಟದ ಮಟ್ಟ ನೀರಿನಲ್ಲಿದ್ದಳು. ನನ್ನ ಮುಖ ನೋಡಿದಳು. ಬಾ ಎನ್ನಲಿಲ್ಲ, ಕೈ ಚಾಚಲಿಲ್ಲ. “ನಂಗೂ ಭಯ ಕಣಮ್ಮ, ಈಜ್ ಬರಾಕಿಲ್ಲ” ಎಂದಳು. “ಇಪ್ಪತ್ ವರ್ಸದಿಂದ ಬತ್ತಿವ್ನಿ, ಪ್ರತಿ ಸಲೀನೂ ಭಯ. ಒಳೆ ಕಂಡ್ರೆ ಭಯ ಆಗ್ದಲೆ ಇನ್ನೇನಾದದು?”

ನಾನು ಎರಡನೆಯ ಮೆಟ್ಟಿಲು ಇಳಿದೆ. ನೀರು ಕಾಲಿನ ಆ ಎರಡು ಚುಕ್ಕಿಗಳನ್ನು ಮುಚ್ಚಿತು. ಅವ್ವನ ಸೆರಗು ಹಿಡಿದು, ಮೂಗು ಮುಚ್ಚಿಕೊಂಡು ಮುಳುಗಿದೆ. ಮೇಲೆ ಬಂದಾಗ ಅಳುತ್ತಿದ್ದೆನೋ ನೀರು ಇಳಿಯುತ್ತಿತ್ತೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಆರು ತಿಂಗಳು ಕಳೆಯಿತು. ನಾನೂ ಸಾಯಲಿಲ್ಲ, ಬೂಬಮ್ಮನೂ ಸಾಯಲಿಲ್ಲ. ನನ್ನನ್ನು ಕಚ್ಚಿದ್ದು ಅದೇ ನಾಯಿಯೋ, ನಾಲೆಯ ಏರಿಯ ಮೇಲೆ ಹೋಗುತ್ತಿದ್ದ ಬೇರೆ ಯಾವುದೋ ಬಡಪಾಯಿ ನಾಯಿಯೋ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಮಾರನೆಯ ವರ್ಷ ಹೊಸ ನೋಟ್ ಪುಸ್ತಕ ಹೊಲಿಸಿದರೆಂದು ಕೇಳಿದೆ. ಅದರಲ್ಲಿ ಉತ್ತರದ ಕಡೆಗೆ ಎರಡೆರಡು ಪುಟ ಬಿಟ್ಟಿದ್ದರಂತೆ. ಸ್ಪರ್ಧೆಗೆ ಮತ್ತೆ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಮದುವೆ ಗೊತ್ತಾದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಹೊಳಲು ಎಂಬ ಊರಿನ ಕಡೆಗೆ. ಹೊರಡುವ ವಾರ ಪಕ್ಕದ ಮನೆಗೆ ಹೋದೆ. ಸಾಬರು ಸಂತೆಗೆ ಹೋಗಿದ್ದರು. ಬೂಬಮ್ಮ ಅಂಗಳದಲ್ಲಿ ತಗಡು ಕತ್ತರಿಸುತ್ತಾ ಕೂತಿದ್ದಳು. ನಾನು ನಿಂತುಕೊಂಡೇ ಹೇಳಿದೆ: ಕರುವಿಗೆ ಏನಾಗಿದೆ ಎಂದು ನನಗೆ ಮಂಗಳವಾರವೇ ಗೊತ್ತಿತ್ತು, ನೀನು ಕೈ ಹಾಕಿದ್ದನ್ನು ನೋಡಿದ್ದೆ, ಜೊಲ್ಲಿನಿಂದ ಬರುತ್ತದೆ ಎನ್ನುವುದೂ ಗೊತ್ತಿತ್ತು, ನನ್ನ ಗುಟ್ಟು ಹೊರಕ್ಕೆ ಬರುತ್ತದೆಂದು ಹೆದರಿ ನಾಲ್ಕು ದಿನ ಸುಮ್ಮನಿದ್ದೆ.

ಕತ್ತರಿ ನಿಂತಿತು. ಕ್ಷಮಿಸಿದೆ ಎನ್ನುತ್ತಾಳೆಂದು ನಾನು ಕಾದಿದ್ದೆ.

“ಆಗ್ಲೇ ಏಳ್ಬೇಕಾಗಿತ್ತು ಮಗ” ಎಂದಳು. “ಇಲ್ದಿದ್ರೆ ಈಗ್ಲೂ ಏಳ್ಬಾರ್ದಿತ್ತು. ಈಗ ನಾನು ಇದ್ನ ಎಲ್ಲಿ ಮಡಗಿಕಳ್ಳಿ?”

ಅವಳು ಮತ್ತೆ ಕತ್ತರಿ ಎತ್ತಿಕೊಂಡಳು. ನಾನು ಹೋಗಲೆಂದು ತಿರುಗಿದಾಗ, ತಲೆ ಎತ್ತದೆಯೇ, “ನಿಂತ್ಕ” ಎಂದಳು. ಕತ್ತರಿಸುತ್ತಿದ್ದ ತಗಡನ್ನು ಸುರುಳಿ ಸುತ್ತಿ, ಅಂಚು ಬಾಗಿಸಿ, ಬೆಸುಗೆ ಹಾಕಿ, ಅದು ಆರುವವರೆಗೂ ನನ್ನನ್ನು ಬಿಸಿಲಿನಲ್ಲೇ ನಿಲ್ಲಿಸಿದಳು. ಒಂದು ಸಣ್ಣ ಆಲಿಕೆ. “ಒಸ ಮನೇಲಿ ಎಣ್ಣೆ ಚೆಲ್ಲಿದ್ರೆ ಅತ್ತೆ ಬಯ್ತಾಳೆ. ತಕ್ಕಂಡ್ ಓಗು” ಎಂದು ನನ್ನ ಕೈಗೆ ಹಾಕಿ, ಒಳಕ್ಕೆ ಎದ್ದುಹೋದಳು.